ಜುಮ್ಮಾ ಹೊತ್ತಿನ ಆಟ

ತಾಹೇರಾಳ ಹೆಬ್ಬೆರಳಲ್ಲಿ ಗೆರೆಗಳಿಲ್ಲ. ಬಲಗೈಯಲ್ಲೂ ಇಲ್ಲ, ಎಡಗೈಯಲ್ಲೂ ಇಲ್ಲ. ಇಪ್ಪತ್ತೆರಡು ವರ್ಷ ಕುದಿನೀರಲ್ಲಿ ಅದ್ದಿ ಅದ್ದಿ ರೇಷ್ಮೆಗೂಡಿನ ಎಳೆ ಹುಡುಕಿದ ಬೆರಳುಗಳವು. ಮೊದಲ ವರ್ಷ ಚರ್ಮ ಸುಲಿಯಿತು. ಎರಡನೆಯ ವರ್ಷ ಕೀವು ಕಟ್ಟಿತು. ಆಮೇಲೆ ಬೆರಳುಗಳೇ ಸೋತು ಸುಮ್ಮನಾದವು. ಈಗ ತುದಿಗಳು ಬೆಳ್ಳಗೆ ಉಬ್ಬಿಕೊಂಡು ನೆನೆಹಾಕಿದ ಬಾದಾಮಿಯ ಹಾಗಿವೆ. ರಾಮನಗರದಲ್ಲಿ ಇಂಥ ಕೈಯ ಹೆಂಗಸರು ಬೀದಿಗೆ ಹತ್ತು ಜನ ಸಿಗುತ್ತಾರೆ. ಇವರು ಬಿಚ್ಚಿದ ನೂಲಿನ ಸೀರೆ ಉಟ್ಟು ಮದುವೆಗೆ ಹೋಗುವವರಿಗೆ ಇದು ಗೊತ್ತಿಲ್ಲ. ಗೊತ್ತಾದರೂ ಅವರಿಗೆ ಊಟ ಸೇರದೆ ಇರುವುದಿಲ್ಲ.

ಸನಾವುಲ್ಲಾ ಸಾಹೇಬರ ಫಿಲೇಚರಿನಲ್ಲಿ, ಎಂದರೆ ಗೂಡಿನಿಂದ ನೂಲು ಬಿಚ್ಚುವ ಕಾರ್ಖಾನೆಯಲ್ಲಿ, ಒಟ್ಟು ಹದಿಮೂರು ಹೆಂಗಸರು. ತಗಡಿನ ಸೂರು. ಒಳಗೆ ಸಾಲಾಗಿ ಬೇಸಿನ್ನುಗಳು. ಬೆಳಿಗ್ಗೆ ಆರಕ್ಕೆ ಒಲೆ ಹತ್ತಿದರೆ ಹಬೆ ಏಳುತ್ತದೆ. ಗೂಡು ಬೇಯುತ್ತದೆ, ಗೂಡಿನೊಳಗಿನ ಹುಳ ಬೇಯುತ್ತದೆ, ಮುಂದೆ ಕೂತವಳೂ ಬೇಯುತ್ತಾಳೆ. ಬೆಂದ ಹುಳದ ವಾಸನೆ ಮೈಗೆ ಹತ್ತಿದರೆ ಎಷ್ಟು ಸೋಪು ಉಜ್ಜಿದರೂ ಹೋಗುವುದಿಲ್ಲ. ಬಸ್ಸಿನಲ್ಲಿ ಈ ಹೆಂಗಸರ ಪಕ್ಕದ ಸೀಟು ಯಾವಾಗಲೂ ಖಾಲಿ. ಕೆಂಚಮ್ಮ ಅದನ್ನೇ ಹೇಳಿ ನಗುತ್ತಿದ್ದಳು. "ನಮ್ಗೆ ರಿಜರ್ವೇಸನ್ ಐತೆ ಕಣವ್ವ, ಎಂಗೆ ಬೇಕಾದ್ರೂ ಕಾಲು ಚಾಚ್ಕೊಂಡು ಕುಂತ್ಕೋಬೋದು."

ಕೆಂಚಮ್ಮ ಕೈಲಾಂಚದ ಕಡೆಯವಳು. ಊರಾಚೆ ಕೇರಿಯವಳು. ಹದಿಮೂರು ಜನರಲ್ಲಿ ಅವಳೊಬ್ಬಳೇ ಸಾಬರವಳಲ್ಲ. ಉಳಿದವರ ಮನೆಮಾತು ಉರ್ದು. ಬೇಸಿನ್ನಿನ ಮುಂದೆ ಮಾತ್ರ ಎಲ್ಲರೂ ಕನ್ನಡವೇ ಆಡುತ್ತಿದ್ದರು. ಕೆಂಚಮ್ಮನೊಬ್ಬಳನ್ನು ಮಾತಿನಿಂದ ಹೊರಗಿಡಬಾರದು ಎಂದು ಯಾರೂ ತೀರ್ಮಾನ ಮಾಡಿರಲಿಲ್ಲ. ತಾನಾಗಿ ಹಾಗೆ ಆಗಿಹೋಗಿತ್ತು.

ತಾಹೇರಾಳ ಪಕ್ಕದ ಬೇಸಿನ್ನು ಖೈರುನ್ನೀಸಾಳದು. ಎಲ್ಲರ ಬಾಯಲ್ಲೂ ಅವಳು ಖೈರು. ಮೂವತ್ತನಾಲ್ಕು ವಯಸ್ಸು. ಹತ್ತನೆಯ ವಯಸ್ಸಿಗೇ ಬೇಸಿನ್ನಿಗೆ ಬಂದವಳು. ಮದುವೆಯಾಗಿ ಎರಡು ವರ್ಷಕ್ಕೆ ಗಂಡ ಬಿಟ್ಟುಹೋದ. ಕೆಮ್ಮುವವಳನ್ನು ಕಟ್ಟಿಕೊಂಡು ಏನು ಮಾಡಲಿ ಎಂದನಂತೆ. ಅಲ್ಲಿಂದ ತಾಯಿಯ ಜೊತೆ ಒಂದು ಕೋಣೆಯ ಮನೆಯಲ್ಲಿದ್ದಳು. ಹಬೆ ಕುಡಿದು ಕುಡಿದು ಅವಳ ಎದೆಯಲ್ಲಿ ಯಾವಾಗಲೂ ಸಿಳ್ಳೆಯಂಥ ಸದ್ದು. ದೊಡ್ಡಾಸ್ಪತ್ರೆಯ ಡಾಕ್ಟರು ಎರಡು ಮಾತು ಹೇಳಿದ್ದರು. ಹಬೆ ಬಿಡಬೇಕು. ದಿನಾ ಬಯಲಲ್ಲಿ ಒಂದಿಷ್ಟು ಹೊತ್ತು ಕೈಕಾಲು ಆಡಿಸಬೇಕು.

"ಹಬೆ ಬಿಟ್ರೆ ಹೊಟ್ಟೆಗೇನು ತಿನ್ಲಿ?" ಎಂದು ಖೈರು ಬಂದು ತಾಹೇರಾಳನ್ನು ಕೇಳಿದಳು. "ಬಯಲು ಎಲ್ಲೈತೆ?"

ಎರಡನೆಯ ಪ್ರಶ್ನೆ ತಾಹೇರಾಳ ತಲೆಯಲ್ಲಿ ಕೂತಿತು. ಊರಲ್ಲಿ ಬಯಲಿಗೇನು ಬರವಿಲ್ಲ. ಆದರೆ ಬಯಲಿದ್ದ ಕಡೆಯೆಲ್ಲ ಗಂಡಸರಿದ್ದಾರೆ. ಬೆಳಿಗ್ಗೆ ವಾಕಿಂಗ್ ಮಾಡುವವರು, ಸಂಜೆ ಕ್ರಿಕೆಟ್ ಆಡುವವರು, ಯಾವ ಕೆಲಸವೂ ಇಲ್ಲದೆ ಬೈಕಿನ ಮೇಲೆ ಕೂತವರು. ಬುರ್ಖಾ ಹಾಕಿಕೊಂಡು ಎದೆಯಲ್ಲಿ ಸಿಳ್ಳೆ ಹೊಡೆಯುತ್ತಾ ನಡೆಯುವ ಹೆಂಗಸನ್ನು ಅವರು ಸುಮ್ಮನೆ ಬಿಡುವವರಲ್ಲ.

ಇವರ ಕೇರಿಯ ಗಂಡಸರೆಲ್ಲ ಒಟ್ಟಿಗೆ ಮಾಯವಾಗುವ ಹೊತ್ತು ವಾರಕ್ಕೆ ಒಂದೇ ಒಂದು. ಶುಕ್ರವಾರ ಮಧ್ಯಾಹ್ನ ಒಂದರಿಂದ ಎರಡು. ಜುಮ್ಮಾ ನಮಾಜಿನ ಹೊತ್ತು. ಸನಾವುಲ್ಲಾ ಸಾಹೇಬರು ಒಲೆ ಆರಿಸಿ, ಟೋಪಿ ಇಟ್ಟುಕೊಂಡು ಮಸೀದಿಗೆ ಹೋಗುತ್ತಾರೆ. ಅಂಗಡಿಗಳ ಷಟರ್ ಇಳಿಯುತ್ತದೆ. ಕೇರಿಯಲ್ಲಿ ಹಾಲು ಕುಡಿಯುವ ಮಗುವನ್ನು ಬಿಟ್ಟರೆ ಗಂಡು ಎನ್ನುವುದು ಕಾಣುವುದಿಲ್ಲ. ಹೆಂಗಸರು ಮಾತ್ರ ಫಿಲೇಚರಿನ ಹಿಂದಿನ ಕೋಣೆಯಲ್ಲಿ ಜೂಟು ನೂಲು, ಎಂದರೆ ಎಳೆ ತೆಗೆಯುವಾಗ ಉಳಿದ ರೇಷ್ಮೆಯ ಸಿಕ್ಕು, ಆರಿಸುತ್ತಾ ಕೂತಿರುತ್ತಾರೆ.

"ಜುಮ್ಮಾ ದಿನ ಉರ್ದು ಸ್ಕೂಲಿಗೆ ರಜ, ಆ ಹೊತ್ನಲ್ಲಿ ಅದರ ಬಯಲು ಖಾಲಿ ಇರುತ್ತೆ," ಎಂದಳು ತಾಹೇರಾ. "ಗೋಡೆ ಎರಡಾಳು ಎತ್ತರ ಐತೆ. ಒಳಗಿಂದ ಚಿಲಕ ಹಾಕ್ಕೊಂಡ್ರೆ ಯಾರು ನೋಡ್ತಾರೆ?"

"ನೀವು ನಮಾಜು ಮಾಡ್ಬೇಕಲ್ವ್ರವ್ವ?" ಎಂದಳು ಕೆಂಚಮ್ಮ.

"ಹೆಂಗಸರದ್ದು ಜುಮ್ಮಾ ಅಲ್ಲ, ದಿನಾ ಮಧ್ಯಾಹ್ನದ ಜೊಹರ್ ನಮಾಜು. ಮೂರು ಗಂಟೆಗೆ ಮಾಡಿದ್ರೂ ಆಗುತ್ತೆ. ಆಟ ಮೂರು ಗಂಟೆಗೆ ಆಗಲ್ಲ."

ಸ್ಕೂಲಿನ ಬೀಗದ ಕೈ ಇಮಾಮ್ ಸಾಬರ ಹತ್ತಿರ ಇತ್ತು. ಮಸೀದಿ ಕಮಿಟಿಯವರು ನಡೆಸುವ ಹಳೆಯ ಉರ್ದು ಶಾಲೆ; ಅದಕ್ಕೆ ಇವರು ಮೂವತ್ತು ವರ್ಷದಿಂದ ವಾಚ್‌ಮನ್. ತಾಹೇರಾ ಕೇಳಿದಾಗ ಮುದುಕ ಗಡ್ಡ ನೀವಿಕೊಂಡರು. "ಮೈಗೂ ನಮ್ಮ ಮೇಲೆ ಹಕ್ಕಿದೆ ಅಂತ ಪೈಗಂಬರ್ ಹಜರತ್‌ರು ಹೇಳಿದ್ದಾರೆ ಬೇಟಿ. ಅದನ್ನ ಗಂಡಸರಿಗೆ ಮಾತ್ರ ಅಂತ ಹೇಳಿದ್ದು ನಾನು ಕೇಳಿಲ್ಲ." ಬೀಗದ ಕೈ ತಾಹೇರಾಳ ಕೈಗಿಟ್ಟು ನಮಾಜಿಗೆ ಹೋದರು.

ಚೆಂಡು ತಂದವಳು ಕೆಂಚಮ್ಮ. ಅವಳ ಮಗಳ ಶಾಲೆಯಲ್ಲಿ ಎಸೆದಿದ್ದ ಹಳೆಯ ಥ್ರೋಬಾಲು, ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕಿಸಿದ್ದು. ನೆಟ್ ಇರಲಿಲ್ಲ, ಬಟ್ಟೆ ಒಣಹಾಕುವ ಹಗ್ಗ ಕಟ್ಟಿದರು. ತಾಹೇರಾ ಏಳನೇ ಕ್ಲಾಸಿನಲ್ಲಿ ತಾಲ್ಲೂಕು ಮಟ್ಟಕ್ಕೆ ಆಡಿದವಳು. ಅದೇ ವರ್ಷ ಅಪ್ಪ ತೀರಿಕೊಂಡು ಬೇಸಿನ್ನಿಗೆ ಬಂದಳು. ಇಪ್ಪತ್ತೆರಡು ವರ್ಷದ ಮೇಲೆ ಚೆಂಡು ಹಿಡಿದಾಗ ಬೆಂದ ಬೆರಳಿಗೆ ಬೆಂಕಿ ಬಿದ್ದ ಹಾಗಾಯಿತು. ಅಯ್ಯೋ ಎಂದಳು. ಮತ್ತೆ ಎಸೆ ಎಂದಳು.

ತಾಹೇರಾ ಕ್ಯಾಲೆಂಡರಿನ ಹಾಳೆಯ ಹಿಂದೆ ಹದಿಮೂರು ಹೆಸರು ಬರೆದು, ಕೆಳಗೆ ನಿಯಮಗಳನ್ನು ಬರೆದಳು. ಜುಮ್ಮಾ ಹೊತ್ತಿಗೇ ಆಟ. ಚಿಲಕ ಒಳಗಿಂದ. ಕೆಲಸದ ಬಟ್ಟೆಯಲ್ಲೇ ಬರಬಹುದು, ಯಾರೂ ಮೂಗು ಮುಚ್ಚಬಾರದು. ಫೋಟೋ ಬೇಡ. ಆಟಕ್ಕೆ ಮುಂಚೆ ಹೆಸರು ಕೂಗಬೇಕು. ಆಡಲಾಗದವಳು ಕೂತು ಪಾಯಿಂಟು ಎಣಿಸಬೇಕು, ಅವಳೂ ಟೀಮಿನವಳೇ. ಕೊನೆಯದನ್ನು ಖೈರುಗಾಗಿ ಬರೆದದ್ದು ಎಂದು ಎಲ್ಲರಿಗೂ ಗೊತ್ತಿತ್ತು.

ಎಷ್ಟು ದಿನವಾಗಿತ್ತೋ ಇವರು ಕಿರುಚಿ. ಆ ಒಂದು ಗಂಟೆ ಹದಿಮೂರು ಜನ ಕಿರುಚಿದರು, ಬೈದಾಡಿದರು, ಬಿದ್ದರು, ಮಂಡಿ ತರಚಿಕೊಂಡರು. ಬುರ್ಖಾಗಳೆಲ್ಲ ಬೇವಿನ ಮರದ ಕೊಂಬೆಯಲ್ಲಿ ನೇತಾಡುತ್ತಿದ್ದವು. ಕೆಂಚಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು ನಿಂತರೆ ಅವಳನ್ನು ದಾಟಿ ಚೆಂಡು ಹೋಗುತ್ತಿರಲಿಲ್ಲ. ಖೈರು ಕಲ್ಲಿನ ಮೇಲೆ ಕೂತು ಬೆರಳು ಮಡಚಿ ಎಣಿಸುತ್ತಿದ್ದಳು. ಸುಳ್ಳು ಲೆಕ್ಕ ಹಾಕುತ್ತಿದ್ದಳು. ತಾಹೇರಾಳ ಕಡೆಗೆ ಯಾವಾಗಲೂ ಎರಡು ಹೆಚ್ಚು.

ಎರಡು ತಿಂಗಳಿಗೆ ಅವಳ ಸಿಳ್ಳೆ ಸ್ವಲ್ಪ ತಗ್ಗಿತು. ಹಬೆ ಬಿಟ್ಟಿರಲಿಲ್ಲ, ವಾಸಿಯೂ ಆಗಿರಲಿಲ್ಲ. ಆದರೆ ಗುರುವಾರ ಬಂತೆಂದರೆ ಅವಳ ಮುಖ ನೋಡಬೇಕಿತ್ತು. "ನಾಳೆ ಜುಮ್ಮಾ," ಎನ್ನುವಳು, ತವರಿಗೆ ಹೋಗುವವಳ ಹಾಗೆ.

ಒಂದು ಶುಕ್ರವಾರ ಗೇಟು ತಟ್ಟಿದ ಸದ್ದು ಕೇಳಿತು. ಆಟದ ಸುದ್ದಿ ಕಮಿಟಿಯ ಅಧ್ಯಕ್ಷರು ಗೌಸ್ ಸಾಹೇಬರಿಗೆ ಮುಟ್ಟಿತ್ತು; ಹೋಗಿ ನೋಡಿ ಎಂದು ಇಲಾಖೆಯವರನ್ನು ಅವರೇ ಕಳಿಸಿದ್ದರು. ಎಲ್ಲರೂ ಬುರ್ಖಾ ಹಾಕಿಕೊಂಡು ಚಿಲಕ ತೆಗೆದರು. ಅಲ್ಪಸಂಖ್ಯಾತರ ಇಲಾಖೆಯ ಅಧಿಕಾರಿ ಮನೋಹರ್ ಅವರು, ಜೊತೆಗೆ ಕ್ಯಾಮೆರಾ ಹಿಡಿದ ಹೆಣ್ಣುಮಗಳು. ಮನೋಹರ್ ಮೆದು ಮಾತಿನ ಮನುಷ್ಯ.

"ತುಂಬಾ ಖುಷಿ ಆಯ್ತಮ್ಮ ಕೇಳಿ. ಮುಸ್ಲಿಂ ಹೆಣ್ಣುಮಕ್ಕಳು ಆಟ ಆಡೋದು, ಅದೂ ನೀವಾಗಿ ನೀವೇ. ನಮ್ಮಲ್ಲೊಂದು ಯೋಜನೆ ಬಂದಿದೆ. ನಿಮ್ಮಂಥವರಿಗೇ ಮಾಡಿರೋದು. ನೆಟ್ಟು, ಚೆಂಡು, ಶೂ, ಕೋಚು ಎಲ್ಲಾ ಕೊಡ್ತೀವಿ."

ತಾಹೇರಾ ತನ್ನ ಕ್ಯಾಲೆಂಡರಿನ ಹಾಳೆ ತೋರಿಸಿದಳು. ಅವರು ನಿಂತಲ್ಲೇ ಓದಿ, "ಇದು ನನಗೆ ಬೇಕಲ್ಲಮ್ಮ," ಎಂದು ಮಡಚಿ ಫೈಲಿಗೆ ಹಾಕಿಕೊಂಡರು. ಮೂವತ್ತಾರು ವರ್ಷದಲ್ಲಿ ಅವಳು ಬರೆದದ್ದನ್ನು ಬೇಕು ಎಂದು ಕೇಳಿದವರು ಅವರೊಬ್ಬರೇ. ಅವಳ ಎದೆ ಉಬ್ಬಿತು. ಸುಳ್ಳೇಕೆ ಹೇಳಬೇಕು.

ಮನೋಹರ್ ಆಚೆ ಹೋಗಿ ನಿಂತರು. ಕ್ಯಾಮೆರಾದವಳು ಹೆಣ್ಣು ತಾನೆ, ಒಳಗುಳಿದಳು. ಆವತ್ತು ಖೈರುವಿನ ಉಸಿರು ಹಗುರವಾಗಿತ್ತು. "ಒಂದೇ ಒಂದು ಸಲ ನಾನೂ ಎಸೀತೀನಿ," ಎಂದು ಕಲ್ಲಿನ ಮೇಲಿಂದ ಎದ್ದಳು. ನಕಾಬು ಕಿತ್ತು ಮರಕ್ಕೆ ಹಾಕಿದಳು. ಚೆಂಡನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ, ಕಾಲು ನೆಲ ಬಿಡುವ ಹಾಗೆ ನೆಗೆದು ಎಸೆದಳು. ತಲೆವಸ್ತ್ರ ಜಾರಿತು. ಬಾಯಿ ಪೂರಾ ತೆರೆದು ನಕ್ಕಳು. ಚೆಂಡು ಹಗ್ಗ ದಾಟಿತು. ಕ್ಯಾಮೆರಾ ಚಕ್ ಎಂದಿತು.

"ನನ್ನ ಫೋಟೋ ಬೇಡ ತಾಹೇರಾ," ಖೈರು ಮುಖ ಮುಚ್ಚಿಕೊಂಡಳು. "ಅಳಿಸು ಅಂತ ಹೇಳು."

"ಫೈಲಿಗಷ್ಟೇ ಆಪಾ," ಎಂದಳು ಕ್ಯಾಮೆರಾದ ಹೆಣ್ಣುಮಗಳು.

ತಾಹೇರಾ ತಾನೇ ಬರೆದ ನಿಯಮವನ್ನು ತಾನೇ ಮುರಿದಳು. ಕೈಗೆ ಬಂದ ಅದೃಷ್ಟ ಎಲ್ಲಿ ಜಾರೀತೋ ಎಂದು ಹೆದರಿದಳು. "ಫೈಲಿಗೆ ತಾನೆ ಖೈರು. ಬೀರೂನಲ್ಲಿ ಇಟ್ಟು ಬೀಗ ಹಾಕ್ತಾರೆ. ಯಾರು ನೋಡ್ತಾರೆ?" ಎಂದಳು. ಖೈರು ತಲೆವಸ್ತ್ರ ಸರಿಮಾಡಿಕೊಂಡು ಕಲ್ಲಿನ ಮೇಲೆ ಕೂತಳು. ತಾಹೇರಾ ಹೇಳಿದ ಮೇಲೆ ಮುಗಿಯಿತು ಅವಳಿಗೆ.

ಹದಿನೈದು ದಿನಕ್ಕೆ ಶಾದಿಮಹಲಿನಲ್ಲಿ ಸಭೆ ಕರೆದರು. ತಾಹೇರಾಳನ್ನೂ ಕರೆದರು. ಅರ್ಧ ದಿನದ ಕೂಲಿ ಬಿಟ್ಟು, ಎರಡು ಸಲ ಮೈ ತೊಳೆದು, ಮುಲಾಮು ಹಚ್ಚಿದ ಕೈಯನ್ನು ಬುರ್ಖಾದೊಳಗೆ ಅಡಗಿಸಿಕೊಂಡು ಹೋದಳು. ಗೋಡೆಯ ಮೇಲೆ ದೊಡ್ಡಕ್ಷರ ಬಿದ್ದಿತ್ತು. 'ಇಸ್ಲಾಂ ಸಂಸ್ಕೃತಿಯ ಚೌಕಟ್ಟಿನಲ್ಲಿ ಮಹಿಳೆಯರ ಕ್ರೀಡೆ ಮತ್ತು ವಿರಾಮ: ಕಾರ್ಯತಂತ್ರ ಯೋಜನೆ'. ಮುಂದಿನ ಎರಡು ಸಾಲಿನಲ್ಲಿ ಗಂಡಸರು. ಅವಳಿಗೆ ಕೊನೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿ.

ಬೆಂಗಳೂರಿನಿಂದ ಬಂದ ಒಬ್ಬ ತಜ್ಞರು ಮಾತಾಡಿದರು. ಶುಕ್ರವಾರ ಮುಸ್ಲಿಮರಿಗೆ ಪವಿತ್ರ ದಿನ, ಪ್ರಾರ್ಥನೆಯ ಹೊತ್ತಿನಲ್ಲಿ ಆಟ ಇಟ್ಟರೆ ಸಮುದಾಯದ ಭಾವನೆಗೆ ಧಕ್ಕೆ, ಆದ್ದರಿಂದ ಭಾನುವಾರ ಬೆಳಿಗ್ಗೆ ಏಳರಿಂದ ಒಂಬತ್ತು ಸೂಕ್ತ ಎಂದರು. ಮುಂದಿನ ಸಾಲು ತಲೆಯಾಡಿಸಿತು.

ತಾಹೇರಾ ಎದ್ದು ನಿಂತಳು. "ಸಾರ್, ಭಾನುವಾರ ಬೆಳಿಗ್ಗೆ ನಾವು ಬೇಸಿನ್ ಮುಂದೆ ಇರ್ತೀವಿ. ಗೂಡಿಗೆ ಭಾನುವಾರ ಗೊತ್ತಾಗಲ್ಲ, ಬಿಟ್ರೆ ಚಿಟ್ಟೆ ತೂತು ಮಾಡ್ಕೊಂಡು ಬಂದ್ಬಿಡುತ್ತೆ. ಜುಮ್ಮಾ ಹೊತ್ತಲ್ಲಿ ಗಂಡಸರು ಇರಲ್ಲ, ಅದಕ್ಕೇ..."

"ಕೂತ್ಕೋ ತಾಹೇರಾ, ನಿನ್ನ ಮಾತೂ ಬರುತ್ತೆ," ಎಂದರು ಗೌಸ್ ಸಾಹೇಬರು. ಕೆಟ್ಟವರಲ್ಲ. ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. ಸಭೆ ಮುಗಿಯಿತು. ಅವಳ ಮಾತು ಬರಲಿಲ್ಲ.

ಹೊರಗೆ ಬಂದಾಗ ಅವರೇ ಹತ್ತಿರ ಕರೆದರು. "ನೋಡು ಬೇಟಿ, ಒಳ್ಳೇ ಮನೆತನದ ಹೆಣ್ಣುಮಕ್ಕಳೂ ಬರ್ತಾರೆ. ಫಿಲೇಚರ್ ಬಟ್ಟೇಲಿ ನೀವು ಬಂದ್ರೆ... ವಾಸನೆ... ತಪ್ಪು ತಿಳ್ಕೋಬೇಡ." ಆಮೇಲೆ ಮನೋಹರ್ ಹೇಳಿದರು: ಯೋಜನೆ ಮಂಜೂರಾಗುವವರೆಗೆ ಬಯಲಿಗೆ ಯಾರನ್ನೂ ಬಿಡುವ ಹಾಗಿಲ್ಲ, ಯಾರಾದರೂ ಬಿದ್ದು ಕೈ ಮುರಿದುಕೊಂಡರೆ ಜವಾಬ್ದಾರಿ ಯಾರದು? ಆವತ್ತೇ ಸಂಜೆ ಇಮಾಮ್ ಸಾಬರ ಹತ್ತಿರ ಬೀಗದ ಕೈ ಈಸಿಕೊಂಡರು. ಕುದಿನೀರಿನಲ್ಲಿ ಇಪ್ಪತ್ತೆರಡು ವರ್ಷ ಕೈ ಬೇಯುವಾಗ ಜವಾಬ್ದಾರಿ ಯಾರದು ಎಂದು ಒಬ್ಬನೂ ಕೇಳಿರಲಿಲ್ಲ.

ಆಮೇಲೆ ಹೆಸರು ಬರೆಸುವ ಕ್ಯಾಂಪು. ಮೇಜಿನ ಮೇಲೆ ಅಂಗೈಯಗಲದ ಮಿಷಿನ್ನು. ಹೆಬ್ಬೆರಳು ಒತ್ತಬೇಕು, ಹಸಿರು ದೀಪ ಬಂದರೆ ಆಟದ ಕಾರ್ಡ್. ತಾಹೇರಾ ಒತ್ತಿದಳು. ಕೆಂಪು ದೀಪ. ಒರೆಸಿ ಒತ್ತಿದಳು. ಕೆಂಪು. ಹತ್ತು ಬೆರಳೂ ಒತ್ತಿದಳು. ಅವಳ ಹಿಂದೆ ನಿಂತಿದ್ದ ಖೈರುವಿಗೂ ಕೆಂಪು. ಹನ್ನೆರಡು ಜನರಲ್ಲಿ ಮೂವರಿಗೆ ಮಾತ್ರ ಹಸಿರು ಬಂತು. ಅವರು ಕೆಲಸಕ್ಕೆ ಸೇರಿ ವರ್ಷ ತುಂಬದವರು.

"ಸಿಸ್ಟಂ ತಗೋತಿಲ್ಲಮ್ಮ, ನಾನೇನು ಮಾಡ್ಲಿ," ಎಂದರು ಮನೋಹರ್. ಅವರ ಮುಖದಲ್ಲಿ ನಿಜವಾಗಿಯೂ ಬೇಜಾರಿತ್ತು.

"ಕಣ್ಣೆದುರಿಗೇ ನಿಂತಿದೀವಲ್ಲ ಸಾರ್. ಆಟ ನಮ್ಮದೇ ಅಂತ ನೀವೇ ಬಂದು ನೋಡಿದ್ರಿ."

"ನನಗೆ ಗೊತ್ತಮ್ಮ. ಸಿಸ್ಟಂಗೆ ಗೊತ್ತಾಗ್ಬೇಕಲ್ಲ."

ಕೆಂಚಮ್ಮನ ಹೆಬ್ಬೆರಳನ್ನು ಅವರು ಕೇಳಲೇ ಇಲ್ಲ. "ಇದು ಮೈನಾರಿಟಿಯವರಿಗಮ್ಮ. ನಿಮ್ಮದು ಬೇರೆ ಬರುತ್ತೆ."

"ಎಲ್ಡು ತಿಂಗ್ಳಿಂದ ಒಂದೇ ಚೆಂಡು ಹಿಡ್ದು ಆಡಿವ್ನಿ ಸೋಮಿ. ನಮ್ದು ಬ್ಯಾರೆ ಯಾವಾಗ ಬತ್ತದೆ? ನಾನು ಸತ್ತಮ್ಯಾಕಾ?"

ಮನೋಹರ್ ನಕ್ಕರು. ಅದನ್ನು ತಮಾಷೆ ಎಂದುಕೊಂಡರು.

ಒಂಬತ್ತು ಶುಕ್ರವಾರ ಬಯಲಿಗೆ ಬೀಗ. ಮೊದಲ ಎಂಟು ಶುಕ್ರವಾರವೂ ಅಜಾನ್ ಆಗುತ್ತಿದ್ದ ಹಾಗೆ ಖೈರು ಬೇಸಿನ್ನಿನಿಂದ ಕೈ ತೆಗೆದು, ಸೆರಗಿಗೆ ಒರೆಸಿಕೊಂಡು ಕೇಳುವಳು. "ಇವತ್ತು ಕೀ ಕೊಟ್ರಾ?"

"ಮುಂದಿನ ವಾರ ಕೊಡ್ತಾರಂತೆ," ಎನ್ನುವಳು ತಾಹೇರಾ. ಯಾರೂ ಹಾಗೆ ಹೇಳಿರಲಿಲ್ಲ.

ಹಿಂದಿನ ಕೋಣೆಯಲ್ಲಿ ಜೂಟು ನೂಲಿನ ದೂಳು. ಖೈರು ಅಲ್ಲಿ ಕೂತು ಕೆಮ್ಮುವಳು. ಆರನೆಯ ವಾರ ಗೋಡೆಗೆ ಒರಗಿದಳು. ಏಳನೆಯ ವಾರ ಮಲಗಿದಳು. ಎಂಟನೆಯ ವಾರ ಕೀ ಕೊಟ್ರಾ ಎಂದು ಕೇಳಲು ಮೂರು ಸಲ ಉಸಿರು ತೆಗೆದುಕೊಂಡಳು. ಒಂಬತ್ತನೆಯ ವಾರ ಅವಳು ಬರಲಿಲ್ಲ, ತಾಹೇರಾಳೇ ಅವಳ ಮನೆಗೆ ಹೋದಳು. ಖೈರು ಗೋಡೆಗೆ ದಿಂಬಿಟ್ಟು ಕೂತಿದ್ದಳು. ಮಾತು ಬರಲಿಲ್ಲ. ಕೈಯೆತ್ತಿ ಬೀಗದ ಕೈ ತಿರುಗಿಸುವ ಹಾಗೆ ಬೆರಳು ತಿರುಗಿಸಿದಳು.

"ಮುಂದಿನ ವಾರ," ಎಂದಳು ತಾಹೇರಾ.

ಮಂಗಳವಾರ ಬೆಳಗಿನ ನಮಾಜಿಗೆ ಮೊದಲು ಖೈರು ಹೋದಳು. ಮೈ ತೊಳೆಯಲು ಕೂತ ಹೆಂಗಸರಲ್ಲಿ ತಾಹೇರಾಳೂ ಇದ್ದಳು. ಅವಳ ಬೆರಳು ಒಂದೊಂದನ್ನೇ ಬಿಡಿಸಿ ತೊಳೆದಳು. ಸತ್ತ ಮೇಲೂ ಆ ಬೆರಳುಗಳಲ್ಲಿ ಹುಳದ ವಾಸನೆ. ಕರ್ಪೂರದ ನೀರಿಗೂ ಅದು ಹೋಗಲಿಲ್ಲ. ಈ ಎದೆ ಇನ್ನು ಹೆಚ್ಚು ದಿನ ನಡೆಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದರು. ಇರಬಹುದು. ತಾಹೇರಾ ಡಾಕ್ಟರ ಜೊತೆ ಜಗಳ ಆಡುವುದಿಲ್ಲ. ಆದರೆ ಆ ಒಂಬತ್ತು ಗಂಟೆಗಳು ಖೈರುವಿನವು. ಸಾಯುವವಳ ಒಂಬತ್ತು ಗಂಟೆ ಕಿತ್ತುಕೊಂಡವರಿಗೆ ಏನೆನ್ನಬೇಕು?

ಹನ್ನೆರಡು ದಿನಕ್ಕೆ ಭಾನುವಾರ ಯೋಜನೆಯ ಉದ್ಘಾಟನೆ. ಹಿಂದಿನ ಸಂಜೆ ಮನೋಹರ್ ಸನಾವುಲ್ಲಾ ಸಾಹೇಬರಿಗೆ ಫೋನು ಮಾಡಿ, ಬಯಲು ಗುಡಿಸಲು ನಾಲ್ಕು ಹೆಂಗಸರನ್ನು ಕಳಿಸಿ ಎಂದರು. ತಾಹೇರಾ, ಕೆಂಚಮ್ಮ, ಇನ್ನಿಬ್ಬರು ಹೋದರು. ಬೆಳಿಗ್ಗೆ ಐದರಿಂದ ಗುಡಿಸಿದರು, ಕಲ್ಲು ಆರಿಸಿದರು, ಸುಣ್ಣದ ಪುಡಿಯಲ್ಲಿ ಕೋರ್ಟಿನ ಗೆರೆ ಎಳೆದರು. ಸುಣ್ಣ ಬಿರುಕು ಬಿಟ್ಟ ಬೆರಳಿಗಿಳಿದು ಉರಿಯಿತು. ಖೈರು ಕೂರುತ್ತಿದ್ದ ಕಲ್ಲು ಗೆರೆಯ ಪಕ್ಕದಲ್ಲಿತ್ತು. ಅಡ್ಡ ಬರುತ್ತೆ, ಎತ್ತಿ ಗೋಡೆಯಾಚೆ ಹಾಕಿ ಎಂದರು. ಇಬ್ಬರು ಹಿಡಿದು ಉರುಳಿಸಿಕೊಂಡು ಹೋಗಿ ಗೇಟಿನಾಚೆ ಗಲ್ಲಿಯಲ್ಲಿ ಇಟ್ಟರು.

ಒಂಬತ್ತಕ್ಕೆ ಕಾರುಗಳು ಬಂದವು. ಹೊಸ ಶೂ, ಹೊಸ ಟ್ರ್ಯಾಕ್‌ಸೂಟು, ತಲೆಗೆ ಅದೇ ಬಣ್ಣದ ವಸ್ತ್ರ ಹಾಕಿದ ಕಾಲೇಜು ಹುಡುಗಿಯರು. ಅವರ ಮೇಲೆ ತಾಹೇರಾಳಿಗೆ ಸಿಟ್ಟಿರಲಿಲ್ಲ. ಅವರೂ ಚೆಂಡು ನೋಡಿ ಕುಣಿಯುತ್ತಿದ್ದರು, ಕುಣಿಯಲಿ. ಗುಡಿಸಿದವರನ್ನು ಮಾತ್ರ ಗೇಟಿನಾಚೆ ನಿಲ್ಲಿಸಿದರು. ಕಾರ್ಡ್ ಇಲ್ಲದವರಿಗೆ ಒಳಗೆ ಪ್ರವೇಶವಿಲ್ಲವಂತೆ.

"ಕಸ ಗುಡ್ಸಾಕೆ ಕಾರ್ಡ್ ಬ್ಯಾಡ, ನಿಂತ್ಕೊಂಡು ನೋಡಾಕೆ ಕಾರ್ಡ್ ಬೇಕಾ?" ಎಂದಳು ಕೆಂಚಮ್ಮ.

ತಾಹೇರಾಳನ್ನೊಬ್ಬಳನ್ನೇ ಒಳಗೆ ಕರೆದರು. ಈ ಯೋಜನೆಗೆ ಸ್ಫೂರ್ತಿ ಅವಳಂತೆ, ಸನ್ಮಾನವಂತೆ, ಶಾಲು ಹೊದಿಸುತ್ತಾರಂತೆ. ಹೋಗುವ ಮನಸ್ಸಿರಲಿಲ್ಲ. ಮೈಕ್ ಕೈಗೆ ಸಿಕ್ಕರೆ ಹೆಬ್ಬೆರಳಿನ ವಿಷಯ ಹೇಳಬಹುದಲ್ಲ, ಶುಕ್ರವಾರದ ಗಂಟೆ ವಾಪಸು ಕೇಳಬಹುದಲ್ಲ ಎಂದು ಹೋದಳು. ಸ್ಟೇಜಿನ ಮೆಟ್ಟಿಲು ಹತ್ತಿ ತಲೆಯೆತ್ತಿದಳು.

ಸ್ಟೇಜಿನ ಹಿಂದೆ ಅಷ್ಟಗಲಕ್ಕೂ ಫ್ಲೆಕ್ಸ್. ಫ್ಲೆಕ್ಸಿನಲ್ಲಿ ಖೈರು.

ಕಾಲು ನೆಲ ಬಿಟ್ಟು, ಎರಡೂ ಕೈ ಮೇಲೆತ್ತಿ, ತಲೆವಸ್ತ್ರ ಜಾರಿ, ಬಾಯಿ ಪೂರಾ ತೆರೆದು ನಗುತ್ತಿದ್ದಾಳೆ. ಮೊರದಗಲದ ಮುಖ. ಮೇಲೆ 'ಬನ್ನಿ, ಆಡೋಣ' ಎಂದಿದೆ. ಕೆಳಗೆ ಯಾರ್ಯಾರದೋ ಹೆಸರುಗಳು. ಅವಳ ಹೆಸರು ಎಲ್ಲಿಯೂ ಇಲ್ಲ.

ತಾಹೇರಾಳ ಕಿವಿಯಲ್ಲಿ ಬೇಸಿನ್ನು ಕುದಿಯುವ ಸದ್ದು. ಯಾರು ನೋಡ್ತಾರೆ ಎಂದು ತಾನೇ ಹೇಳಿದ್ದಳು. ಈಗ ಇಡೀ ರಾಮನಗರ ನೋಡುತ್ತಿದೆ. ಮಣ್ಣಾದ ಮೇಲೆ ನೋಡುತ್ತಿದೆ.

ಮನೋಹರ್ ಶಾಲು ಬಿಡಿಸಿ ಬಂದರು. ಅವಳು ಶಾಲನ್ನು ಹೆಗಲಿಗೆ ಬೀಳಲು ಬಿಡದೆ ಕೈಯಲ್ಲಿ ಹಿಡಿದುಕೊಂಡಳು.

"ಸಾರ್, ಈ ಪಟದಲ್ಲಿರೋಳ ಹೆಸರೇನು?"

"ಯಾರಮ್ಮ?" ಅವರು ಹಿಂದಿರುಗಿ ನೋಡಿದರು. "ಅದು... ನಮ್ಮ ಫಲಾನುಭವಿ ಒಬ್ಬರು."

"ಖೈರುನ್ನೀಸಾ." ಮೈಕ್ ಹತ್ತಿರದಲ್ಲೇ ಇತ್ತು. ಅವಳ ದನಿ ಬಯಲೆಲ್ಲ ಕೇಳಿತು. "ಸತ್ತು ಹನ್ನೆರಡು ದಿನ ಆಯ್ತು. ನಿಮ್ಮ ಬೀಗ ತೆಗೀತಾರೆ ಅಂತ ಕಾಯ್ತಾ ಸತ್ಲು. ನನ್ನ ಫೋಟೋ ಬೇಡ ಅಂದಿದ್ಲು. ಫೈಲಿಗೆ ಅಂದ್ರಿ. ನಮ್ಮ ಹೆಬ್ಬೆಟ್ಟು ನಿಮ್ಮ ಮಿಷಿನ್ನಿಗೆ ಹಿಡೀಲಿಲ್ಲ ಸಾರ್. ಅವಳ ಮುಖ ಹೆಂಗೆ ಹಿಡೀತು?"

"ತಾಹೇರಾ, ಬೇಟಿ, ದೊಡ್ಡವರೆಲ್ಲ ಕೂತಿದ್ದಾರೆ..." ಗೌಸ್ ಸಾಹೇಬರು ಎದ್ದರು.

"ಕೂತ್ಕೊಳ್ಳಿ ಸಾಹೇಬ್ರೆ. ನಿಮ್ಮ ಮಾತೂ ಬರುತ್ತೆ."

ಅತಿಥಿಯ ಕುರ್ಚಿ ಎಳೆದುಕೊಂಡು ಅದರ ಮೇಲೆ ಹತ್ತಿದಳು. ಶಾಲನ್ನು ಎರಡು ಕೈಯಲ್ಲಿ ಹರವಿ ಖೈರುವಿನ ಮುಖದ ಮೇಲೆ ಹಾಕಿದಳು. ತುದಿಗಳನ್ನು ಫ್ಲೆಕ್ಸಿನ ಮರದ ಚೌಕಟ್ಟಿಗೆ ಗಂಟು ಹಾಕಿದಳು. ಬೆರಳಿಗೆ ಗಂಟು ಸಿಗುತ್ತಿರಲಿಲ್ಲ, ಮೂರು ಸಲ ಜಾರಿತು. ನಾಲ್ಕನೆಯ ಸಲ ಬಿಗಿಯಾಯಿತು. ಇಳಿದು ಬಂದಳು. ಗೇಟಿನಾಚೆ ಕೆಂಚಮ್ಮ ಅವಳ ಕೈ ಹಿಡಿದುಕೊಂಡಳು. ಆಗ ಅಳು ಬಂತು. ಗಲ್ಲಿಯ ನಡುವೆ, ಖೈರುವಿನ ಕಲ್ಲಿನ ಮುಂದೆ ಕುಕ್ಕರಿಸಿ ಎದೆ ಬಿರಿಯುವ ಹಾಗೆ ಅತ್ತಳು.

ಸಂಜೆ ಖೈರುವಿನ ತಾಯಿಯ ಹತ್ತಿರ ಹೋದಳು. ಮುದುಕಿಗೆ ಕಣ್ಣು ಮಂಜು. ವಿಷಯ ಆಗಲೇ ಮುಟ್ಟಿತ್ತು.

"ಚೆನ್ನಾಗಿ ಕಾಣ್ತಿದ್ಲಾ?" ಎಂದು ಕೇಳಿದಳು ಮುದುಕಿ.

ಬೈಗುಳಕ್ಕೆ ತಯಾರಾಗಿ ಹೋಗಿದ್ದ ತಾಹೇರಾಳಿಗೆ ಈ ಮಾತನ್ನು ತಡೆದುಕೊಳ್ಳಲು ಆಗಲಿಲ್ಲ. "ನಗ್ತಾ ಇದ್ಲು ಅಮ್ಮಾ," ಎಂದಳು. "ನೆಲದ ಮೇಲೆ ಕಾಲೇ ಇರಲಿಲ್ಲ."

ಮುಂದಿನ ಶುಕ್ರವಾರ ಅಜಾನ್ ಆಯಿತು. ಸನಾವುಲ್ಲಾ ಸಾಹೇಬರು ಒಲೆ ಆರಿಸಿ, ಈ ಸಲ ತಾಹೇರಾಳ ಮುಖ ನೋಡದೆ ಹೋದರು. ಹನ್ನೆರಡು ಹೆಂಗಸರು ಜೂಟು ನೂಲಿನ ಕೋಣೆಗೆ ಹೋಗಲಿಲ್ಲ. ಬುರ್ಖಾದಲ್ಲಿ, ಒದ್ದೆ ಬಟ್ಟೆಯಲ್ಲಿ, ಹುಳದ ವಾಸನೆಯಲ್ಲಿ ಗಲ್ಲಿಗೆ ನಡೆದರು. ಗೇಟಿಗೆ ಹೊಸ ಬೀಗ ಬಿದ್ದಿತ್ತು. ಆ ಗೇಟಿನ ಹಿಡಿಗೆ ಹಗ್ಗದ ಒಂದು ತುದಿ ಕಟ್ಟಿದರು, ಎದುರಿನ ಲೈಟು ಕಂಬಕ್ಕೆ ಇನ್ನೊಂದು ತುದಿ. ಇಮಾಮ್ ಸಾಬರು ಮಸೀದಿಗೆ ಹೊರಟವರು ನಿಂತು ನೋಡಿದರು. ಗಲ್ಲಿಯ ಬಾಯಿಗೆ ತಮ್ಮ ಸೈಕಲ್ಲನ್ನು ಅಡ್ಡ ನಿಲ್ಲಿಸಿ ನಡೆದು ಹೋದರು.

"ಎರಡು ಗಂಟೆಗೆ ಗಂಡಸರು ಬರ್ತಾರೆ ಆಪಾ," ಎಂದಳು ಒಬ್ಬಳು.

"ಬರ್ಲಿ," ಎಂದಳು ತಾಹೇರಾ. "ಇವತ್ತು ಎರಡಕ್ಕೆ ನಿಲ್ಸಲ್ಲ."

ಕ್ಯಾಲೆಂಡರಿನ ಹಾಳೆ ಯಾವುದೋ ಫೈಲಿನಲ್ಲಿತ್ತು. ಹೆಸರುಗಳು ಅವಳಿಗೆ ಬಾಯಿಪಾಠ. ಕೂಗುತ್ತಾ ಹೋದಳು. ಒಬ್ಬೊಬ್ಬರೇ ಹೂಂ ಎಂದರು. ಹನ್ನೆರಡು ಮುಗಿಯಿತು. ಅಲ್ಲಿಗೆ ನಿಲ್ಲಿಸಬೇಕಿತ್ತು, ಬಾಯಿ ನಿಲ್ಲಲಿಲ್ಲ.

"ಖೈರುನ್ನೀಸಾ?"

ಕೆಂಚಮ್ಮ ಸೆರಗನ್ನು ಸೊಂಟಕ್ಕೆ ಬಿಗಿದಳು. ಚೆಂಡನ್ನು ತಾಹೇರಾಳ ಕೈಗಿಟ್ಟು, ಗೋಡೆಯ ಪಕ್ಕದ ಕಲ್ಲಿನ ಕಡೆ ಗದ್ದ ಎತ್ತಿ ತೋರಿಸಿದಳು.

"ಅಗೋ, ಕುಂತವಳೆ ಕಣವ್ವ. ನೀ ಎಸಿ, ಅವ್ಳು ಎಣುಸ್ತಾಳೆ."